ಆ ಮೈನಸ್ ಎಲ್ಲಿಂದ ಬಂದಿತು? ಪ್ರತಿಫಲನ ಗುಣಾಂಕವನ್ನು ಕೈಯಾರೆ ಬಿಡಿಸುವ ಬಗೆ

ನಾನು ಡಿಪ್ಲೊಮಾ ಕಾಲೇಜಿನಲ್ಲಿ ಎಲೆಕ್ಟ್ರಾನಿಕ್ಸ್ ಪಾಠ ಮಾಡಲು ತೊಡಗಿ ಇಪ್ಪತ್ತೆರಡು ವರ್ಷಗಳಾದವು. ಟ್ರಾನ್ಸ್‌ಮಿಷನ್ ಲೈನ್ (ಸಂಕೇತವನ್ನು ಒಂದು ತುದಿಯಿಂದ ಇನ್ನೊಂದಕ್ಕೆ ಒಯ್ಯುವ ಜೋಡಿ ತಂತಿ ಅಥವಾ ಕೇಬಲ್) ಅಧ್ಯಾಯ ಬಂದಾಗಲೆಲ್ಲ ಒಂದೇ ಪ್ರಶ್ನೆಯಿಂದ ಆರಂಭಿಸುತ್ತೇನೆ: ಪ್ರತಿಫಲನ ಗುಣಾಂಕದ, ಅಂದರೆ ಲೈನಿನ ತುದಿಗೆ ಹೋದ ಅಲೆಯಲ್ಲಿ ಎಷ್ಟು ಹಿಂದಕ್ಕೆ ಬರುತ್ತದೆ ಎಂದು ಹೇಳುವ ಅನುಪಾತದ, ಸೂತ್ರದ ಮೇಲ್ಭಾಗದಲ್ಲಿ ಒಂದು ಮೈನಸ್ ಇದೆಯಲ್ಲ, ಅದು ಎಲ್ಲಿಂದ ಬಂದಿತು? ತರಗತಿ ಮೌನವಾಗುತ್ತದೆ. ಸೂತ್ರ ಎಲ್ಲರಿಗೂ ಗೊತ್ತು, ಮೈನಸ್‌ನ ಊರು ಯಾರಿಗೂ ಗೊತ್ತಿಲ್ಲ.

ಓದುವ ಕಾಲದಲ್ಲಿ ನನಗೂ ಗೊತ್ತಿರಲಿಲ್ಲ. ವೈವಾದಲ್ಲಿ ಪರೀಕ್ಷಕರು ಇದನ್ನೇ ಕೇಳಿದರು. "ಸೂತ್ರದಲ್ಲೇ ಇದೆ ಸಾರ್" ಎಂದೆ. ಅವರು ಬೈಯಲಿಲ್ಲ, ಒಂದು ಬಿಳಿ ಹಾಳೆಯನ್ನು ಮುಂದಕ್ಕೆ ಸರಿಸಿ "ಬಿಡಿಸಮ್ಮ, ಅವಸರವಿಲ್ಲ" ಎಂದರು. ಹಾಳೆ ಬಿಳಿಯದಾಗಿಯೇ ಉಳಿಯಿತು. ಅಂದು ರಾತ್ರಿ ಮನೆಯಲ್ಲಿ ಕುಳಿತು ಬಿಡಿಸಿದಾಗ ತಿಳಿಯಿತು, ಒಟ್ಟು ಆರು ಸಾಲಿನ ಬೀಜಗಣಿತ. ಹತ್ತನೆಯ ತರಗತಿಯ ಭಿನ್ನರಾಶಿ ಗೊತ್ತಿದ್ದವರು ಮಾಡಬಹುದಾದದ್ದು. ಅದನ್ನು ಹೇಗೆ ಮಾಡಬೇಕು, ಎಲ್ಲಿ ಎಡವುತ್ತೇವೆ ಎಂಬುದನ್ನು ನನ್ನ ಹಲಗೆಯ ಮೇಲೆ ಬರೆಯುವ ಕ್ರಮದಲ್ಲಿಯೇ ಇಲ್ಲಿ ಹೇಳುತ್ತೇನೆ.

ಅಕ್ಷರಗಳ ವಿಷಯ ಮೊದಲು ಮುಗಿಸೋಣ. ಪಠ್ಯಪುಸ್ತಕಗಳು ಮುಂದಕ್ಕೆ ಹೋಗುವ ಅಲೆಯ ವೋಲ್ಟೇಜನ್ನು ತಲೆಯ ಮೇಲೆ ಪ್ಲಸ್ ಇಟ್ಟು, ಹಿಂದಕ್ಕೆ ಬರುವುದನ್ನು ಮೈನಸ್ ಇಟ್ಟು ಬರೆಯುತ್ತವೆ. ಆ ಪ್ಲಸ್ ಮೈನಸ್‌ಗಳು ಬರೀ ಹೆಸರುಗಳು, ಕೂಡುವ ಕಳೆಯುವ ಚಿಹ್ನೆಗಳಲ್ಲ. ಆದರೆ ಅರ್ಧ ತರಗತಿ ಅವನ್ನು ಲೆಕ್ಕಕ್ಕೇ ಸೇರಿಸಿಬಿಡುತ್ತದೆ. ಅದಕ್ಕಾಗಿ ನಾನು ಮೊದಲ ದಿನ ಕನ್ನಡ ಅಕ್ಷರಗಳನ್ನೇ ಬಳಸುತ್ತೇನೆ. ಲೋಡಿನ (ಲೈನಿನ ತುದಿಗೆ ಕಟ್ಟಿದ ಸಾಧನದ) ಕಡೆಗೆ, ಅಂದರೆ ಮುಂದಕ್ಕೆ ಹೋಗುವ ಅಲೆಯ ವೋಲ್ಟೇಜ್ ಮ. ಲೋಡಿನಿಂದ ಹಿಂದಕ್ಕೆ ಬರುವ ಅಲೆಯ ವೋಲ್ಟೇಜ್ ಹ. ಲೈನಿನ ಸ್ವಂತ ಇಂಪೀಡೆನ್ಸ್, ಅಂದರೆ ಅದರಲ್ಲಿ ಸಾಗುವ ಅಲೆಯ ವೋಲ್ಟೇಜಿಗೂ ಕರೆಂಟಿಗೂ ಇರುವ ಅನುಪಾತ, ಝ. ಲೋಡಿನ ಇಂಪೀಡೆನ್ಸ್ ಲ. ನಮಗೆ ಬೇಕಾದದ್ದು ಹಿಂದಕ್ಕೆ ಬಂದದ್ದಕ್ಕೂ ಮುಂದಕ್ಕೆ ಹೋದದ್ದಕ್ಕೂ ಇರುವ ಅನುಪಾತ. ಪುಸ್ತಕದಲ್ಲಿ ಅದು ಗ್ರೀಕಿನ ಗಾಮಾ, ಇಲ್ಲಿ ಗ.

ಗ = ಹ / ಮ

ಈಗ ಲೈನಿನ ಸ್ವಂತ ಇಂಪೀಡೆನ್ಸ್. ಪ್ರಯೋಗಾಲಯದಲ್ಲಿ ಪ್ರತಿ ವರ್ಷ ಯಾರಾದರೊಬ್ಬರು 50 ಓಮ್ ಎಂದು ಬರೆದಿರುವ ಕೇಬಲ್‌ಗೆ ಮಲ್ಟಿಮೀಟರ್ ಹಚ್ಚಿ "ಮೇಡಂ, ಓಪನ್ ತೋರಿಸುತ್ತಿದೆ, ಕೇಬಲ್ ಹೋಗಿದೆ" ಎನ್ನುತ್ತಾರೆ. ಕೇಬಲ್ ಚೆನ್ನಾಗಿಯೇ ಇರುತ್ತದೆ. ಆ 50 ಓಮ್ ತಾಮ್ರದ ತಂತಿಯ ರೆಸಿಸ್ಟೆನ್ಸ್ ಅಲ್ಲ. ಒಂದು ಅಲೆ ಲೈನಿನಲ್ಲಿ ಸಾಗುವಾಗ ಪ್ರತಿ ಹೆಜ್ಜೆಗೂ ತಂತಿಗಳ ನಡುವಿನ ಕೆಪಾಸಿಟೆನ್ಸನ್ನು ತುಂಬಬೇಕು, ತಂತಿಯ ಇಂಡಕ್ಟೆನ್ಸನ್ನು ದಾಟಬೇಕು. ಇಷ್ಟು ವೋಲ್ಟೇಜಿನ ಅಲೆಗೆ ಇಷ್ಟು ಕರೆಂಟ್ ಬೇಕು ಎಂದು ಆ ಎರಡೂ ಸೇರಿ ನಿರ್ಧರಿಸುತ್ತವೆ. ನಾವು ಬಳಸುವ ಆರ್‌ಜಿ-58 ಕೇಬಲ್‌ನಲ್ಲಿ ಮೀಟರಿಗೆ ಸುಮಾರು 250 ನ್ಯಾನೊಹೆನ್ರಿ ಇಂಡಕ್ಟೆನ್ಸ್, 100 ಪಿಕೊಫ್ಯಾರಡ್ ಕೆಪಾಸಿಟೆನ್ಸ್. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ (ನ್ಯಾನೊ ಎಂದರೆ ಪಿಕೊದ ಸಾವಿರ ಪಟ್ಟು) 2500. ಅದರ ವರ್ಗಮೂಲ 50. ಅಲೆ ಹೊರಡುವಾಗ ತುದಿಯಲ್ಲಿ ಏನು ಕಟ್ಟಿದ್ದಾರೆ ಎಂಬುದು ಅದಕ್ಕೆ ತಿಳಿದಿರುವುದಿಲ್ಲ. ಇದೇ ಕೇಬಲ್‌ನಲ್ಲಿ ಅದು ಸೆಕೆಂಡಿಗೆ ಸುಮಾರು 20 ಕೋಟಿ ಮೀಟರ್ ವೇಗದಲ್ಲಿ ಓಡುತ್ತದೆ, ಮೀಟರಿಗೆ 5 ನ್ಯಾನೊಸೆಕೆಂಡ್. 20 ಮೀಟರ್ ಕೇಬಲ್‌ನ ತುದಿ ಮುಟ್ಟಲು 100 ನ್ಯಾನೊಸೆಕೆಂಡ್ ಬೇಕು. ಅಷ್ಟು ಹೊತ್ತು ಅಲೆಗೆ ಕಾಣುವುದು ಝ ಒಂದೇ. ಹಿಂದಕ್ಕೆ ಬರುವ ಅಲೆಗೂ ಅದೇ ತಂತಿ, ಅದೇ ಝ.

ಇನ್ನು ಮೈನಸ್‌ಗೆ ಬರೋಣ. ನಾನು ಹುಟ್ಟಿ ಬೆಳೆದದ್ದು ಮಂಡ್ಯದಲ್ಲಿ. ಗದ್ದೆಗೆ ನೀರು ಬಿಡುವ ಚಿಕ್ಕ ನಾಲೆಯ ಬದಿಯಲ್ಲಿ ಕುಳಿತು ಹಲಗೆಯಿಂದ ನೀರನ್ನು ಒಮ್ಮೆ ತಳ್ಳಿದರೆ ಒಂದು ಉಬ್ಬು ಎದ್ದು ಮುಂದೆ ಸಾಗುತ್ತದೆ. ತೂಬಿನ ಬಾಗಿಲು ಮುಚ್ಚಿದ್ದರೆ ಅಲ್ಲಿಗೆ ಬಡಿದು ಅದೇ ಉಬ್ಬು ಹಿಂದಕ್ಕೆ ಬರುತ್ತದೆ. ಎದುರಿನಿಂದ ಇನ್ನೊಂದು ಉಬ್ಬು ಬಂದು ಎರಡೂ ಒಂದರೊಳಗೊಂದು ಹಾಯುವ ಕ್ಷಣವನ್ನು ನೆನೆಯಿರಿ. ಆಗ ನೀರಿನ ಎತ್ತರ ಎಷ್ಟು? ಎರಡು ಉಬ್ಬುಗಳ ಎತ್ತರ ಕೂಡಬೇಕು. ನೀರಿನ ಹರಿವು ಎಷ್ಟು? ಮುಂದಕ್ಕೆ ಸಾಗುವ ಉಬ್ಬು ನೀರನ್ನು ಮುಂದಕ್ಕೆ ಒಯ್ಯುತ್ತದೆ, ಹಿಂದಕ್ಕೆ ಬರುವ ಉಬ್ಬು ಹಿಂದಕ್ಕೆ ಒಯ್ಯುತ್ತದೆ, ಆದ್ದರಿಂದ ಕಳೆಯಬೇಕು. ಎತ್ತರಕ್ಕೆ ದಿಕ್ಕಿಲ್ಲ, ಹರಿವಿಗೆ ದಿಕ್ಕಿದೆ.

ವೋಲ್ಟೇಜ್ ಎತ್ತರದ ಹಾಗೆ, ಕರೆಂಟ್ ಹರಿವಿನ ಹಾಗೆ. ಲೋಡಿನ ಕಡೆಗೆ ಬಾಣ ಬರೆದು "ಇದು ಕರೆಂಟಿನ ಪ್ಲಸ್ ದಿಕ್ಕು" ಎಂದು ನಾವೇ ತೀರ್ಮಾನಿಸಿದ್ದೇವೆ. ಹಿಂದಕ್ಕೆ ಬರುವ ಅಲೆಯ ಕರೆಂಟ್ ಆ ಬಾಣಕ್ಕೆ ಎದುರು. ಮೈನಸ್‌ನ ಊರು ಇದೇ. ಲೋಡ್ ಇರುವ ಜಾಗದಲ್ಲಿ ಬರೆಯಬೇಕಾದ ಸಾಲುಗಳು ಹೀಗೆ:

ಒಟ್ಟು ವೋಲ್ಟೇಜ್ = ಮ + ಹ

ಒಟ್ಟು ಕರೆಂಟ್ = ಮ/ಝ − ಹ/ಝ = (ಮ − ಹ) / ಝ

ಮೂರನೆಯ ಸಾಲು ಓಮನ ನಿಯಮ. ಲೋಡಿನ ಮೇಲಿನ ಒಟ್ಟು ವೋಲ್ಟೇಜನ್ನು ಅದರೊಳಗೆ ಹರಿಯುವ ಒಟ್ಟು ಕರೆಂಟಿನಿಂದ ಭಾಗಿಸಿದರೆ ಲ ಬರಲೇಬೇಕು. ಕರೆಂಟಿನ ಸಾಲಿನಲ್ಲಿ ಕೆಳಗಿದ್ದ ಝ ಮೇಲಕ್ಕೆ ಹೋಗುತ್ತದೆ:

ಲ = ಝ × (ಮ + ಹ) / (ಮ − ಹ)

ಇಲ್ಲಿ ನಿಂತು ಒಂದು ತಪ್ಪನ್ನು ಬೇಕೆಂದೇ ಮಾಡಿ ನೋಡಿ. ಇದನ್ನು ನಾನು ಪ್ರತಿ ತರಗತಿಯಲ್ಲಿಯೂ ಮಾಡಿಸುತ್ತೇನೆ. ಕರೆಂಟಿನ ಸಾಲಿನಲ್ಲಿ ಮೈನಸ್ ಬದಲು ಪ್ಲಸ್ ಹಾಕಿ. ಮೇಲೆ ಮ + ಹ, ಕೆಳಗೆ ಮ + ಹ; ಎರಡೂ ಹೊಡೆದುಹೋಗಿ ಲ = ಝ ಉಳಿಯುತ್ತದೆ. ಅಂದರೆ ನೀವು ತುದಿಯಲ್ಲಿ ಏನನ್ನೇ ಕಟ್ಟಿದರೂ ಅದು 50 ಓಮ್ ಆಗಿಯೇ ಇರಬೇಕು ಎಂದು ಲೆಕ್ಕ ಹೇಳುತ್ತದೆ. ನೀವು ಕೈಯಲ್ಲಿ ಹಿಡಿದಿರುವುದು 75 ಓಮ್ ರೆಸಿಸ್ಟರ್! ಆ ಒಂದು ಚಿಹ್ನೆ ಇಲ್ಲದಿದ್ದರೆ ಪ್ರತಿಫಲನಕ್ಕೆ ಲೆಕ್ಕದಲ್ಲಿ ಜಾಗವೇ ಇಲ್ಲ. ಇದನ್ನು ಸ್ವತಃ ಬರೆದು ನೋಡಿದವರು ಚಿಹ್ನೆಯನ್ನು ಮತ್ತೆ ಮರೆತದ್ದನ್ನು ನಾನು ಕಂಡಿಲ್ಲ.

ಸರಿಯಾದ ಸಾಲಿಗೆ ಮರಳೋಣ. ಮ, ಹ ಎರಡೂ ಗೊತ್ತಿಲ್ಲ, ಸಮೀಕರಣ ಒಂದೇ ಇದೆ, ಹೇಗೆ ಬಿಡಿಸುವುದು ಎಂದು ಹುಡುಗರು ಕೇಳುತ್ತಾರೆ. ನಮಗೆ ಎರಡೂ ಬೇಕಿಲ್ಲ, ಅವುಗಳ ಅನುಪಾತ ಸಾಕು. ಮೇಲೆ ಕೆಳಗೆ ಎರಡನ್ನೂ ಮ ಇಂದ ಭಾಗಿಸಿ. ಮ/ಮ ಎಂದರೆ 1, ಹ/ಮ ಎಂದರೆ ಗ:

ಲ / ಝ = (1 + ಗ) / (1 − ಗ)

ಅಪರಿಚಿತ ಈಗ ಒಂದೇ. ಅಡ್ಡ ಗುಣಿಸಿ:

ಲ × (1 − ಗ) = ಝ × (1 + ಗ)

ಲ − ಲಗ = ಝ + ಝಗ

ಗ ಇರುವುದೆಲ್ಲ ಒಂದು ಕಡೆ, ಇಲ್ಲದ್ದೆಲ್ಲ ಇನ್ನೊಂದು ಕಡೆ:

ಲ − ಝ = ಗ × (ಲ + ಝ)

ಗ = (ಲ − ಝ) / (ಲ + ಝ)

ಮುಗಿಯಿತು. ಶಾಲೆಯಲ್ಲಿ ಕಾಂಪೊನೆಂಡೊ-ಡಿವಿಡೆಂಡೊ ಕಲಿತವರು ಇದನ್ನು ಒಂದೇ ನೆಗೆತದಲ್ಲಿ ದಾಟಬಹುದು. ಮೇಲಿನದನ್ನೂ ಕೆಳಗಿನದನ್ನೂ ಕೂಡಿ, ಅದನ್ನು ಅವುಗಳ ವ್ಯತ್ಯಾಸದಿಂದ ಭಾಗಿಸಬೇಕು. ಬಲಗಡೆ 2 ಭಾಗಿಸು 2ಗ, ಅಂದರೆ 1/ಗ. ಎಡಗಡೆ (ಲ + ಝ) ಭಾಗಿಸು (ಲ − ಝ). ತಿರುಗಿಸಿದರೆ ಅದೇ ಸೂತ್ರ. ಈ ದಾರಿ ನನಗೆ ಬಹಳ ಇಷ್ಟ, ಆದರೆ ಅಡ್ಡ ಗುಣಾಕಾರವನ್ನು ಒಮ್ಮೆಯಾದರೂ ಪೂರ್ತಿ ಬರೆದ ಮೇಲೆ ಮಾತ್ರ ಇದನ್ನು ಬಳಸಿ.

ಈಗ ಅಂಕಿ ಹಾಕಿ. 50 ಓಮ್ ಲೈನ್, 75 ಓಮ್ ಲೋಡ್, ಮುಂದಕ್ಕೆ ಹೋಗುವ ಅಲೆ 10 ವೋಲ್ಟ್. ಗ = 25/125 = 0.2. ಆದ್ದರಿಂದ 2 ವೋಲ್ಟಿನ ಅಲೆ ಹಿಂದಕ್ಕೆ ಬರುತ್ತದೆ, ಲೋಡಿನ ಮೇಲೆ ಒಟ್ಟು 12 ವೋಲ್ಟ್. "ಕಳಿಸಿದ್ದು 10, ಅಲ್ಲಿ 12 ಹೇಗೆ?" ಎಂದು ಕೇಳುವ ವಿದ್ಯಾರ್ಥಿ ಪ್ರತಿ ತಂಡದಲ್ಲಿಯೂ ಒಬ್ಬರು ಇರುತ್ತಾರೆ, ಅವರ ಪ್ರಶ್ನೆಗಾಗಿ ನಾನು ಕಾಯುತ್ತೇನೆ. ಉತ್ತರ ಕರೆಂಟಿನಲ್ಲಿದೆ. ಹೋದ ಕರೆಂಟ್ 10/50, ಅಂದರೆ 0.2 ಆಂಪಿಯರ್, ಮರಳಿದ್ದು 2/50, ಅಂದರೆ 0.04. ಲೋಡಿನಲ್ಲಿ ಉಳಿದದ್ದು 0.16. ವೋಲ್ಟೇಜ್ ಏರಿದೆ, ಕರೆಂಟ್ ಇಳಿದಿದೆ. 12 ಭಾಗಿಸು 0.16 ಎಂದರೆ ಸರಿಯಾಗಿ 75. ಶಕ್ತಿಯನ್ನೂ ತೂಗಿ ನೋಡಿ: ಹೋದದ್ದು 2 ವ್ಯಾಟ್, ಮರಳಿದ್ದು 0.08 ವ್ಯಾಟ್, ಲೋಡಿಗೆ ಇಳಿದದ್ದು 12 × 0.16 = 1.92 ವ್ಯಾಟ್. ಒಂದು ಹನಿಯೂ ಹೆಚ್ಚು ಕಡಿಮೆ ಇಲ್ಲ. ಮರಳಿದ ಶಕ್ತಿಯ ಪಾಲು ಗ ಅಲ್ಲ, ಗ ದ ವರ್ಗ: 0.04, ನೂರಕ್ಕೆ ನಾಲ್ಕು.

ಪರೀಕ್ಷೆಯಲ್ಲಿ ಲ − ಝ ಬರೆಯಬೇಕೋ ಝ − ಲ ಬರೆಯಬೇಕೋ ಎಂಬ ಅನುಮಾನ ಬಂದರೆ ನಾಲೆಯ ಬಾಗಿಲನ್ನು ನೆನಪಿಸಿಕೊಳ್ಳಿ. ಬಾಗಿಲು ಮುಚ್ಚಿದರೆ ಹರಿವು ಸೊನ್ನೆ. ಅದು ಓಪನ್ ಸರ್ಕ್ಯೂಟ್, ಲ ಅನಂತ. ಉಬ್ಬು ಉಬ್ಬಾಗಿಯೇ ಮರಳುತ್ತದೆ, ಬಾಗಿಲ ಬಳಿ ಎತ್ತರ ಇಮ್ಮಡಿ. ಆದ್ದರಿಂದ ಗ = +1 ಬರಬೇಕು. ಸೂತ್ರದ ಮೇಲೆ ಕೆಳಗೆ ಲ ಇಂದ ಭಾಗಿಸಿ, ಝ/ಲ ಸೊನ್ನೆಯಾಗಲು ಬಿಟ್ಟರೆ 1/1 ಉಳಿಯುತ್ತದೆ, ಸರಿ. ನಾಲೆ ದೊಡ್ಡ ಕೆರೆಗೆ ಸೇರುವ ಜಾಗದಲ್ಲಾದರೆ ಎತ್ತರ ಏರಲಾರದು. ಅದು ಶಾರ್ಟ್ ಸರ್ಕ್ಯೂಟ್. ಉಬ್ಬು ಹೋಗಿ ತಗ್ಗು ಮರಳುತ್ತದೆ, ಗ = −1. ಕೆಲವೆಡೆ ಝ − ಲ ಎಂದು ಬರೆದ ಸೂತ್ರ ಸಿಕ್ಕರೆ ಗಾಬರಿ ಬೇಡ. ಅದು ಕರೆಂಟಿನ ಪ್ರತಿಫಲನ ಗುಣಾಂಕ. ಕರೆಂಟಿನ ಸಾಲಿನಲ್ಲಿದ್ದ ಮೈನಸ್ ಅಲ್ಲಿಗೆ ಜೊತೆಯಲ್ಲೇ ಹೋಗಿರುತ್ತದೆ.

ಮಂಡ್ಯದಲ್ಲಿ ಅಪ್ಪನಿಗೆ ರೇಡಿಯೊ, ಟಿ.ವಿ. ರಿಪೇರಿಯ ಚಿಕ್ಕ ಅಂಗಡಿ ಇತ್ತು. ಮನೆಗಳ ಮೇಲೆ ಆಂಟೆನಾ ಕಟ್ಟುವ ಕೆಲಸವೂ ಅವರದೇ. ಆ ಆಂಟೆನಾದ ಮಡಿಚಿದ ಡೈಪೋಲನ್ನು ಸುಮಾರು 300 ಓಮ್ ಎಂದು ಹಿಡಿಯುವುದು ವಾಡಿಕೆ. ಮೊದಲು ಅದಕ್ಕೆ 300 ಓಮಿನ ಚಪ್ಪಟೆ ರಿಬ್ಬನ್ ವೈರ್ ಬರುತ್ತಿತ್ತು. ಆಮೇಲೆ 75 ಓಮಿನ ದುಂಡು ಕೋಆಕ್ಸಿಯಲ್ ಕೇಬಲ್ ಬಂದಿತು. ನಡುವೆ ಬೆರಳುದ್ದದ ಒಂದು ಮ್ಯಾಚಿಂಗ್ ಟ್ರಾನ್ಸ್‌ಫಾರ್ಮರ್ ಹಾಕಬೇಕು. ಕೆಲವರು ದುಡ್ಡು ಉಳಿಸಲು ಅದಿಲ್ಲದೆ ನೇರವಾಗಿ ತಿರುಚಿ ಕಟ್ಟುತ್ತಿದ್ದರು, ಪರದೆಯ ತುಂಬ ಚುಕ್ಕೆ ಚುಕ್ಕೆ. ಅಪ್ಪ ಅಟ್ಟ ಹತ್ತಿ ಅದನ್ನು ಸರಿಪಡಿಸಿ ಬರುತ್ತಿದ್ದರು. ಏಕೆ ಎಂದು ಕೇಳಿದರೆ "ಸಿಗ್ನಲ್ ಹಿಂದಕ್ಕೆ ಒದೆಯುತ್ತದೆ ಮಗಳೇ" ಎನ್ನುತ್ತಿದ್ದರು. ಎಷ್ಟು ಒದೆಯುತ್ತದೆ ಎಂಬುದು ನನಗೆ ಸೂತ್ರ ಕೈಗೆ ಬಂದ ಮೇಲೆ ಗೊತ್ತಾಯಿತು: (300 − 75) / (300 + 75) = 225/375 = 0.6. ವರ್ಗ ಮಾಡಿದರೆ 0.36. ಆಂಟೆನಾದ ಕಡೆಯಿಂದ ನೋಡಿದರೆ ಗ ದ ಚಿಹ್ನೆ ತಿರುಗಿ −0.6 ಆಗುತ್ತದೆ, ವರ್ಗ ಮಾತ್ರ ಅದೇ. ನೂರರಲ್ಲಿ ಮೂವತ್ತಾರು ಪಾಲು ಕೇಬಲ್‌ಗೆ ಇಳಿಯುವುದೇ ಇಲ್ಲ. ಊರಿನ ಅಂಚಿನ ಮನೆಗೆ ಬರುತ್ತಿದ್ದ ಸಂಕೇತವೇ ಕ್ಷೀಣ. ಅದರಲ್ಲಿ ಇಷ್ಟು ಹೋದರೆ ಚಿತ್ರ ಎಲ್ಲಿ ನಿಲ್ಲಬೇಕು?

ಇಲ್ಲಿಯವರೆಗೆ ಬರೀ ರೆಸಿಸ್ಟರ್‌ಗಳು. ಲೋಡಿನಲ್ಲಿ ಇಂಡಕ್ಟರ್ ಅಥವಾ ಕೆಪಾಸಿಟರ್ ಇದ್ದರೆ ಲ ಸಂಕೀರ್ಣ ಸಂಖ್ಯೆಯಾಗುತ್ತದೆ. ಬೀಜಗಣಿತ ಒಂದಿಷ್ಟೂ ಬದಲಾಗುವುದಿಲ್ಲ. ಆದರೆ ಇಲ್ಲಿ ಒಂದು ದೊಡ್ಡ ಗುಂಡಿ ಇದೆ. 50 ಓಮ್ ಲೈನಿಗೆ ಜೆ50 ಓಮಿನ ಇಂಡಕ್ಟರ್ ಒಂದನ್ನೇ ಕಟ್ಟಿದೆ ಎನ್ನಿ (ಜೆ ಎಂದರೆ −1ರ ವರ್ಗಮೂಲ). "ಪರಿಮಾಣ 50, ಲೈನ್ 50, ಹೊಂದಾಣಿಕೆ ಸರಿಯಾಗಿದೆ, ಗ ಸೊನ್ನೆ" ಎಂದು ಬರೆದ ಉತ್ತರಪತ್ರಿಕೆಗಳನ್ನು ನಾನು ಎಷ್ಟೋ ನೋಡಿದ್ದೇನೆ. ಕಳೆಯುವ ಮೊದಲು ಪರಿಮಾಣ ತೆಗೆಯಬಾರದು. ಸರಿಯಾದ ಲೆಕ್ಕ (ಜೆ − 1) / (ಜೆ + 1). ಮೇಲೆ ಕೆಳಗೆ (1 − ಜೆ) ಇಂದ ಗುಣಿಸಿದರೆ ಮೇಲೆ 2ಜೆ, ಕೆಳಗೆ 2. ಉಳಿದದ್ದು ಜೆ, ಅದರ ಪರಿಮಾಣ 1. ಹೋದದ್ದೆಲ್ಲ ಮರಳುತ್ತದೆ! ಇಂಡಕ್ಟರ್ ಶಕ್ತಿಯನ್ನು ಉಣ್ಣುವುದಿಲ್ಲ, ಕ್ಷಣಕಾಲ ಇಟ್ಟುಕೊಂಡು ಹಿಂದಿರುಗಿಸುತ್ತದೆ. ಆದ್ದರಿಂದ ಹಾಗೆಯೇ ಆಗಬೇಕು.

ಇನ್ನೊಂದು: ಲ = 100 + ಜೆ50, ಝ = 50. ಮೇಲೆ 50 + ಜೆ50, ಕೆಳಗೆ 150 + ಜೆ50. 50ನ್ನು ಹೊಡೆದುಹಾಕಿ: (1 + ಜೆ) / (3 + ಜೆ). (3 − ಜೆ) ಇಂದ ಗುಣಿಸಿ: (4 + 2ಜೆ) / 10 = 0.4 + ಜೆ0.2. ಪರಿಮಾಣದ ವರ್ಗ 0.16 + 0.04 = 0.2, ಐದರಲ್ಲಿ ಒಂದು ಪಾಲು ಶಕ್ತಿ ವಾಪಸ್. ಇಂತಹ ಲೆಕ್ಕವನ್ನು ದಿನವಿಡೀ ಮಾಡಬೇಕಾದವರಿಗಾಗಿಯೇ ಅಮೆರಿಕದ ಎಂಜಿನಿಯರ್ ಫಿಲಿಪ್ ಸ್ಮಿತ್ 1939ರಲ್ಲಿ ತನ್ನ ದುಂಡು ನಕ್ಷೆಯನ್ನು ಪ್ರಕಟಿಸಿದ. ನಕ್ಷೆಯ ಮೇಲೆ ಬೆರಳಿಡುವ ಮೊದಲು ಹತ್ತು ಲೆಕ್ಕಗಳನ್ನು ಕೈಯಲ್ಲಿ ಮಾಡಿ ಎಂದು ನಾನು ಹಟ ಹಿಡಿಯುತ್ತೇನೆ.

ಲೋಡಿನಿಂದ ಲೈನಿನಲ್ಲಿ ಹಿಂದಕ್ಕೆ ಸರಿದರೆ ಗ ಏನಾಗುತ್ತದೆ? ನಷ್ಟವಿಲ್ಲದ ಲೈನಿನಲ್ಲಿ ಪರಿಮಾಣ ಬದಲಾಗುವುದಿಲ್ಲ, ಕೋನ ಮಾತ್ರ ತಿರುಗುತ್ತದೆ. ನೀವು ನಿಂತ ಜಾಗದಿಂದ ಅಲೆ ಲೋಡಿಗೆ ಹೋಗಬೇಕು, ಅಲ್ಲಿಂದ ಮರಳಬೇಕು. ಸರಿದ ದೂರದ ಎರಡರಷ್ಟು ನಡೆ. ಆ ಎರಡನ್ನು ಮರೆಯಬೇಡಿ. ಕಾಲು ತರಂಗದೂರ ಸರಿದರೆ ನಡೆ ಅರ್ಧ ತರಂಗದೂರ, ಅಂದರೆ 180 ಡಿಗ್ರಿ. ಗ ಹೋಗಿ −ಗ ಆಗುತ್ತದೆ. (1 + ಗ) / (1 − ಗ) ಎಂಬ ಭಿನ್ನರಾಶಿಯಲ್ಲಿ ಗ ದ ಚಿಹ್ನೆ ಬದಲಿಸಿ ನೋಡಿ, ಅದು ತಲೆಕೆಳಗಾಗುತ್ತದೆ, ಅಷ್ಟೆ. ಲ/ಝ ಇದ್ದದ್ದು ಝ/ಲ ಆಯಿತು. ಅಲ್ಲಿ ಕಾಣುವ ಇಂಪೀಡೆನ್ಸ್ ಝ × ಝ / ಲ. ಅಪ್ಪನ ಆ 300 ಓಮನ್ನು 75 ಆಗಿ ತೋರಿಸಬೇಕೆಂದರೆ ನಡುವೆ ಕಾಲು ತರಂಗದೂರದ ತುಂಡೊಂದು ಸಾಕು. ಅದರ ಝ ಎಷ್ಟಿರಬೇಕು? 300 × 75 = 22500, ವರ್ಗಮೂಲ 150 ಓಮ್. ಒಂದು ತರಂಗದೂರಕ್ಕೆ ಮಾತ್ರ ಹೊಂದುತ್ತದೆ ಎಂಬುದು ಅದರ ಮಿತಿ. ಎಲ್ಲ ಚಾನೆಲ್‌ಗಳಿಗೂ ಬೇಕಾದರೆ ಟ್ರಾನ್ಸ್‌ಫಾರ್ಮರೇ ಗತಿ.

ಕೇಬಲ್ ಟಿ.ವಿ. ಬಂದ ಮೇಲೆ ಅಂಗಡಿಗೆ ಬೇರೆ ಬಗೆಯ ದೂರುಗಳು ಬರತೊಡಗಿದವು. ಒಂದು ಮನೆಗೆ ಬಂದ 75 ಓಮ್ ಕೇಬಲನ್ನು ಕತ್ತರಿಸಿ, ತಂತಿ ತಿರುಚಿ, ಪಕ್ಕದ ಕೋಣೆಗೆ ಇನ್ನೊಂದು ಕೇಬಲ್ ಎಳೆಯುತ್ತಿದ್ದರು. ಇದರ ಗ ಕಂಡುಹಿಡಿಯಲು ಹೊಸ ಸೂತ್ರ ಬೇಡ. ಬರುವ ಅಲೆಗೆ ಮುಂದಿನ ಎರಡು ಕೇಬಲ್‌ಗಳೂ ಸಮಾಂತರವಾಗಿ ಕಟ್ಟಿದ ಲೋಡುಗಳು: ಲ = 37.5. ಗ = −37.5 / 112.5 = −1/3. ಒಂಬತ್ತರಲ್ಲಿ ಒಂದು ಪಾಲು ವಾಪಸ್. ಜಾಯಿಂಟ್‌ನಲ್ಲಿ ವೋಲ್ಟೇಜ್ 1 − 1/3, ಅಂದರೆ ಮೂರರಲ್ಲಿ ಎರಡು. ಪ್ರತಿ ಕೋಣೆಗೂ ಅದರ ವರ್ಗ, ಒಂಬತ್ತರಲ್ಲಿ ನಾಲ್ಕು ಪಾಲು. ಒಂದು, ನಾಲ್ಕು, ನಾಲ್ಕು, ಕೂಡಿದರೆ ಒಂಬತ್ತು. ಅಪ್ಪ ಆ ತಿರುಚನ್ನು ಬಿಚ್ಚಿ ಸ್ಪ್ಲಿಟರ್ ಹಾಕುತ್ತಿದ್ದರು. ಸ್ಪ್ಲಿಟರ್ ಹಾಕಿದರೂ ಪ್ರತಿ ಕೋಣೆಗೆ ಅರ್ಧಕ್ಕಿಂತ ಹೆಚ್ಚು ಸಿಗುವುದಿಲ್ಲ, ಆದರೆ ಹಿಂದಕ್ಕೆ ಒದೆಯುವುದು ನಿಲ್ಲುತ್ತದೆ. ಬೀದಿಯ ಉಳಿದ ಮನೆಗಳ ಚಿತ್ರ ಕೆಡದಿರಲು ಅದೇ ಬೇಕಾದದ್ದು.

ಕೊನೆಯ ಲೆಕ್ಕ ನಿಮಗೆ. ಅದೇ ಜಾಯಿಂಟ್‌ಗೆ ಮೂರನೆಯ ಕೋಣೆಯ ಕೇಬಲನ್ನೂ ತಿರುಚಿದರು. ಲ ಎಷ್ಟು, ಗ ಎಷ್ಟು, ಯಾರಿಗೆ ಎಷ್ಟು ಪಾಲು? ಪೆನ್ಸಿಲ್ ಹಿಡಿದು ಮೊದಲ ಸಾಲಿನಿಂದ ಬರೆಯಿರಿ, ಸೂತ್ರದಿಂದಲ್ಲ. ಲ 25 ಓಮ್, ಗ −1/2 ಬಂದಿದ್ದರೆ ಸರಿ. ನಾಲ್ಕರಲ್ಲಿ ಒಂದು ಪಾಲು ಹಿಂದಕ್ಕೆ, ಉಳಿದ ಮೂರು ಕೋಣೆಗಳಿಗೂ ನಾಲ್ಕರಲ್ಲಿ ಒಂದೊಂದು; ಬಂದ ದಾರಿಗೂ ಹೋಗುವ ದಾರಿಗಳಿಗೂ ಆ ಜಾಯಿಂಟ್ ಸರಿಸಮವಾಗಿಯೇ ಹಂಚಿದೆ.